ಒಂದು ಗಂಟೆ ಹತ್ತು ನಿಮಿಷ ಸಾಕಾ? ವಿದೇಶದಲ್ಲಿ ವಿಮಾನ ಬದಲಿಸುವವರು ಹಾಕಬೇಕಾದ ಲೆಕ್ಕ

ವಿರಾಜಪೇಟೆ ಕಡೆಯ ಹಳ್ಳಿಯವರಿಗೆ ಒಂದು ಅಭ್ಯಾಸ ಇರುತ್ತದೆ. ಪೇಟೆಗೆ ಹೊರಡುವ ಮೊದಲೇ ಊರಿಗೆ ವಾಪಸ್ ಬರುವ ಕೊನೇ ಬಸ್ ಎಷ್ಟು ಹೊತ್ತಿಗೆ ಅಂತ ಕೇಳಿಟ್ಟುಕೊಳ್ಳುತ್ತೇವೆ. ಅದು ತಪ್ಪಿದರೆ ಜೀಪು ಹುಡುಕಬೇಕು, ಇಲ್ಲಾಂದ್ರೆ ನೆಂಟರ ಮನೆ ಬಾಗಿಲು ತಟ್ಟಬೇಕು. ಇಷ್ಟು ಬುದ್ಧಿ ಇದ್ದ ನಾನು ಮಗಳ ಬಾಣಂತನಕ್ಕೆ ಐರ್ಲೆಂಡಿಗೆ ಹೊರಟಾಗ ಮಾತ್ರ ಅದನ್ನು ಮನೆಯಲ್ಲೇ ಬಿಟ್ಟು ಹೋಗಿದ್ದೆ.

ಬೆಂಗಳೂರಿನಿಂದ ಡಬ್ಲಿನ್‌ಗೆ ನೇರ ವಿಮಾನ ಇರಲಿಲ್ಲ. ಯುರೋಪಿನ ಒಂದು ದೊಡ್ಡ ನಿಲ್ದಾಣದಲ್ಲಿ ಬದಲಿಸಬೇಕಿತ್ತು. ನಡುವೆ ಒಂದು ಗಂಟೆ ಹತ್ತು ನಿಮಿಷ. ‘ಒಳ್ಳೇದಾಯ್ತು, ಜಾಸ್ತಿ ಕಾಯೋದು ಬೇಡ’ ಅಂದಳು ನನ್ನಾಕೆ. ನನಗೂ ಹಾಗೇ ಅನಿಸಿತು. ನಮ್ಮ ವಿಮಾನ 25 ನಿಮಿಷ ತಡವಾಗಿ ಹೋಯಿತು. ಓಡಿ ಓಡಿ ಗೇಟಿಗೆ ಬಂದಾಗ ಬಾಗಿಲು ಹಾಕಿತ್ತು. ವಿಮಾನ ಗಾಜಿನ ಆಚೆ ನಿಂತೇ ಇತ್ತು. ಡಬ್ಲಿನ್‌ಗೆ ಆ ದಿನದ ಕೊನೇ ಬಸ್ ಅದು.

ರಾತ್ರಿ ಹೋಟೆಲ್ ಕೊಡುತ್ತೇವೆ ಅಂದರು. ಆದರೆ ನಿಲ್ದಾಣದಿಂದ ಹೊರಗೆ ಕಾಲಿಡಲು ಆ ದೇಶದ ವೀಸಾ ಬೇಕು. ನಮ್ಮ ಹತ್ತಿರ ಇದ್ದದ್ದು ಐರ್ಲೆಂಡಿನ ವೀಸಾ ಮಾತ್ರ. ಕುರ್ಚಿಯ ಮೇಲೆ ರಾತ್ರಿ ಕಳೆದೆವು. ನನ್ನ ಬಿಪಿ ಮಾತ್ರೆ ಚೆಕ್-ಇನ್ ಮಾಡಿದ ಸೂಟ್‌ಕೇಸಿನಲ್ಲಿತ್ತು.

ಈಗ ನಮ್ಮ ಕಡೆಯಿಂದ ಮಕ್ಕಳ ಮನೆಗೆ ಹೊರಡುವ ಅಪ್ಪ-ಅಮ್ಮಂದಿರು ಜಾಸ್ತಿ. ಅವರಿಗಾಗಿ, ಆಮೇಲೆ ನಾನು ಕಲಿತದ್ದನ್ನು ಬರೆಯುತ್ತಿದ್ದೇನೆ.

ಮೊದಲು ಕೇಳಬೇಕಾದ ಪ್ರಶ್ನೆ

ಟಿಕೆಟ್ ನೋಡುವಾಗ ಎಲ್ಲರೂ ಕೇಳುವುದು ‘ನಡುವೆ ಎಷ್ಟು ಹೊತ್ತು ಇದೆ?’ ಅಂತ. ಅದಕ್ಕಿಂತ ಮೊದಲು ಕೇಳಿ: ಇದು ತಪ್ಪಿದರೆ ಮುಂದಿನ ವಿಮಾನ ಯಾವಾಗ? ಬಿಡುವು ಒಂದೂವರೆ ಗಂಟೆಯೇ ಇರಲಿ, ಆಮೇಲೆ ಅದೇ ಊರಿಗೆ ದಿನಕ್ಕೆ ಐದಾರು ವಿಮಾನ ಇದ್ದರೆ ತಪ್ಪಿದರೂ ಎರಡು ಮೂರು ಗಂಟೆಯ ಮಾತು. ಬಿಡುವು ಎರಡು ಗಂಟೆ ಇದ್ದು, ನಿಮ್ಮದು ದಿನದ ಒಂದೇ ವಿಮಾನ ಆಗಿದ್ದರೆ ಅದೇ ಹೆಚ್ಚು ಅಪಾಯ. ವಾರಕ್ಕೆ ನಾಲ್ಕೇ ದಿನ ಹಾರುವ ಮಾರ್ಗವಾದರೆ ಕೇಳುವುದೇ ಬೇಡ.

ಇದನ್ನು ತಿಳಿಯಲು ಏಜೆಂಟರೇ ಬೇಕಾಗಿಲ್ಲ. ಟಿಕೆಟ್ ಹುಡುಕುವ ಯಾವುದೇ ಆ್ಯಪಿನಲ್ಲಿ ಎರಡನೇ ಹಂತವನ್ನು ಮಾತ್ರ, ಅದೇ ತಾರೀಕಿಗೆ ಹಾಕಿ ನೋಡಿ. ಅದೇ ಕಂಪನಿಯದು ಎಷ್ಟಿವೆ, ಕೊನೆಯದು ಎಷ್ಟು ಹೊತ್ತಿಗೆ ಅಂತ ಬರೆದಿಟ್ಟುಕೊಳ್ಳಿ. ರಜೆಯ ಕಾಲದಲ್ಲಿ ಮುಂದಿನ ವಿಮಾನ ಇದ್ದರೂ ಸೀಟು ತುಂಬಿರುತ್ತದೆ ಅನ್ನುವುದೂ ನೆನಪಿರಲಿ. ಕ್ರಿಸ್‌ಮಸ್ ವಾರದಲ್ಲಿ ನಾನಂತೂ ಬಿಗಿ ಟಿಕೆಟ್ ಮುಟ್ಟುವುದೇ ಇಲ್ಲ.

ಟಿಕೆಟ್ ಒಂದೋ ಎರಡೋ

ಇಡೀ ಪ್ರಯಾಣ ಒಂದೇ ಬುಕಿಂಗಿನಲ್ಲಿದ್ದರೆ, ಅಂದರೆ ಒಂದೇ ಪಿಎನ್‌ಆರ್ ಇದ್ದರೆ, ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದಾಗ ಮುಂದಿನ ವಿಮಾನ ಹತ್ತಿಸುವ ಹೊಣೆ ಕಂಪನಿಯದು. ಚೀಲವೂ ಸಾಮಾನ್ಯವಾಗಿ ಕೊನೇ ಊರಿನವರೆಗೆ ತಾನೇ ಹೋಗುತ್ತದೆ. ಬೇರೆ ಬೇರೆ ಟಿಕೆಟ್ ಮಾಡಿದ್ದರೆ ಎರಡನೇ ಕಂಪನಿಗೆ ನೀವು ಬರೀ ತಡವಾಗಿ ಬಂದ ಗಿರಾಕಿ. ಟಿಕೆಟ್ ಹೋಯಿತು, ಹೊಸದು ಕೊಳ್ಳಬೇಕು.

ಕೊಡಗಿನವರಿಗೆ ಇಲ್ಲಿ ಒಂದು ವಿಶೇಷ ಆಸೆ ಹುಟ್ಟುತ್ತದೆ. 2018ರ ಡಿಸೆಂಬರ್‌ನಲ್ಲಿ ಕಣ್ಣೂರು ವಿಮಾನ ನಿಲ್ದಾಣ ಶುರುವಾದ ಮೇಲೆ ದಕ್ಷಿಣ ಕೊಡಗಿಗೆ ಅದೇ ಹತ್ತಿರ. ಮಾಕುಟ್ಟ ಘಾಟಿ ಇಳಿದರೆ ಆ ನಿಲ್ದಾಣ ಇರುವ ಮಟ್ಟನ್ನೂರು ಬಂದೇ ಬಿಟ್ಟಿತು. ಬೆಂಗಳೂರಿಗೆ ಹೋಗುವುದಾದರೆ ಮೈಸೂರು ದಾಟಿ, ಇಡೀ ಬೆಂಗಳೂರು ದಾಟಿ, ದೇವನಹಳ್ಳಿ ತನಕ ಆರೇಳು ಗಂಟೆಯ ರಸ್ತೆ. ಹಾಗಾಗಿ ಕಣ್ಣೂರಿನಿಂದ ಗಲ್ಫ್‌ಗೆ ಒಂದು ಅಗ್ಗದ ಟಿಕೆಟ್, ಅಲ್ಲಿಂದ ಯುರೋಪಿಗೆ ಇನ್ನೊಂದು ಅಂತ ಜೋಡಿಸುವವರನ್ನು ನೋಡಿದ್ದೇನೆ. ದುಡ್ಡು ಉಳಿಯುತ್ತದೆ, ಸುಳ್ಳಲ್ಲ. ಆದರೆ ಹಾಗೆ ಮಾಡಿದಾಗ ನಡುವೆ ಚೀಲ ನೀವೇ ತೆಗೆದುಕೊಂಡು ಮತ್ತೆ ಕೌಂಟರಿನಲ್ಲಿ ಕೊಡಬೇಕಾಗಬಹುದು. ಚೀಲ ತೆಗೆಯಲು ಇಮಿಗ್ರೇಷನ್ ದಾಟಬೇಕು. ದಾಟಲು ಆ ದೇಶದ ವೀಸಾ ಬೇಕು. ಅಂತರರಾಷ್ಟ್ರೀಯ ವಿಮಾನಗಳ ಚೆಕ್-ಇನ್ ಕೌಂಟರ್ ಸಾಮಾನ್ಯವಾಗಿ ಹೊರಡುವ ಒಂದು ಗಂಟೆ ಮೊದಲೇ ಮುಚ್ಚುತ್ತದೆ, ಕೆಲವು ಕಂಪನಿಗಳಲ್ಲಿ ಅದಕ್ಕೂ ಮೊದಲು. ಹೀಗೆ ಜೋಡಿಸಲೇಬೇಕು ಅಂತಿದ್ದರೆ ಆರು ಗಂಟೆಗಿಂತ ಕಡಿಮೆ ಇಟ್ಟುಕೊಳ್ಳಬೇಡಿ. ನನ್ನ ಕೇಳಿದರೆ ಒಂದು ರಾತ್ರಿ ಅಲ್ಲೇ ತಂಗುವ ಹಾಗೆ ಮಾಡಿ, ಹೋಟೆಲ್ ಖರ್ಚನ್ನೂ ಟಿಕೆಟ್ ಬೆಲೆಗೆ ಸೇರಿಸಿ ನೋಡಿ. ಆಗ ಎಷ್ಟು ಅಗ್ಗ ಅಂತ ಗೊತ್ತಾಗುತ್ತದೆ.

ಇನ್ನೊಂದು ಮಾತು. ಒಂದೇ ಟಿಕೆಟ್ ಮಂಗಳೂರಿನಿಂದ ಮುಂಬೈ ಮೂಲಕ ಇದ್ದು, ‘ಮುಂಬೈಗೆ ಹೇಗೂ ಒಂದು ಮದುವೆಗೆ ಹೋಗುತ್ತಿದ್ದೇನೆ, ಅಲ್ಲಿಂದಲೇ ಹತ್ತುತ್ತೇನೆ’ ಅಂತ ಮೊದಲ ಹಂತ ಬಿಟ್ಟರೆ ಉಳಿದ ಹಂತಗಳೆಲ್ಲ ತಾವಾಗಿಯೇ ರದ್ದಾಗುತ್ತವೆ. ವಾಪಸ್ ಟಿಕೆಟ್ ಕೂಡ.

ಎಪ್ಪತ್ತು ನಿಮಿಷ ಎಲ್ಲಿಗೆ ಹೋಗುತ್ತದೆ

ಪ್ರತಿ ನಿಲ್ದಾಣಕ್ಕೂ ‘ಕನಿಷ್ಠ ಬದಲಾವಣೆ ಸಮಯ’ ಅಂತ ಒಂದು ಲೆಕ್ಕ ಇದೆ. ಅದಕ್ಕಿಂತ ಕಡಿಮೆ ಬಿಡುವಿನ ಟಿಕೆಟನ್ನು ಒಂದೇ ಬುಕಿಂಗಿನಲ್ಲಿ ಮಾರುವುದಿಲ್ಲ. ಫ್ರಾಂಕ್‌ಫರ್ಟ್ ತನ್ನದು 45 ನಿಮಿಷ ಅಂತ ಹೇಳಿಕೊಳ್ಳುತ್ತದೆ. ವಿಯೆನ್ನಾದಲ್ಲಿ ಕೆಲವು ವಿಮಾನಗಳಿಗೆ 25 ನಿಮಿಷ ಸಾಕಂತೆ! ಹಾಗಾಗಿ ಕಂಪನಿ ಮಾರಿದೆ ಅಂದ ಮಾತ್ರಕ್ಕೆ ಅದು ನಿಮಗೆ ಸಾಕು ಅಂತಲ್ಲ. ಆ ಲೆಕ್ಕ ಎಲ್ಲವೂ ಸರಿಯಾಗಿ ನಡೆದಾಗ, ದಾರಿ ಗೊತ್ತಿದ್ದವರಿಗೆ. ಮಂಡಿ ನೋವಿನ 60 ವರ್ಷದವರಿಗೆ ಅಲ್ಲ.

ನಮ್ಮದನ್ನೇ ಲೆಕ್ಕ ಹಾಕಿ ನೋಡೋಣ. ಟಿಕೆಟಿನಲ್ಲಿರುವ ‘ತಲುಪುವ ಸಮಯ’ ಅಂದರೆ ವಿಮಾನ ತನ್ನ ಜಾಗಕ್ಕೆ ಬಂದು ನಿಲ್ಲುವ ಹೊತ್ತು. ‘ಹೊರಡುವ ಸಮಯ’ ಅಂದರೆ ಅದು ಗೇಟಿನಿಂದ ಹಿಂದೆ ಸರಿಯುವ ಹೊತ್ತು, ನೀವು ಗೇಟಿಗೆ ಬರಬೇಕಾದ ಹೊತ್ತಲ್ಲ. ಗೇಟು ಸಾಮಾನ್ಯವಾಗಿ 15-20 ನಿಮಿಷ ಮೊದಲೇ ಮುಚ್ಚುತ್ತದೆ. ಅಲ್ಲಿಗೆ 70ರಲ್ಲಿ ಉಳಿದದ್ದು 50. ನಮ್ಮ ಸೀಟು 38ನೇ ಸಾಲಿನಲ್ಲಿ. ಮುಂದಿನವರೆಲ್ಲ ಮೇಲಿನಿಂದ ಚೀಲ ಇಳಿಸಿ, ಕೋಟು ಹಾಕಿ, ಜಾಗ ಬಿಡುವ ಹೊತ್ತಿಗೆ 20 ನಿಮಿಷ. ವಿಮಾನ ಕಟ್ಟಡಕ್ಕೆ ತಾಗಿ ನಿಲ್ಲಲಿಲ್ಲ, ಬಸ್ಸಿನಲ್ಲಿ ಕರೆದುಕೊಂಡು ಹೋದರು, ಅದಕ್ಕೆ 10. ಮತ್ತೆ ಸೆಕ್ಯುರಿಟಿ ತಪಾಸಣೆಯ ಸಾಲು 20. ಅಲ್ಲಿಂದ ಗೇಟಿಗೆ ನಡಿಗೆ 15. ಒಟ್ಟು 65. ನಮ್ಮ ವಿಮಾನ ಒಂದು ನಿಮಿಷವೂ ತಡವಾಗದಿದ್ದರೂ ನಾವು ತಪ್ಪಿಸಿಕೊಳ್ಳುತ್ತಿದ್ದೆವು! ಆ 25 ನಿಮಿಷವನ್ನು ನಾನು ಎಷ್ಟೋ ದಿನ ಸುಮ್ನೆ ಬೈದುಕೊಂಡಿದ್ದೆ.

ನನ್ನ ಅಂದಾಜು ಹೇಳುತ್ತೇನೆ. ಒಂದೇ ಟಿಕೆಟ್ ಇದ್ದರೆ ಗಲ್ಫ್ ನಿಲ್ದಾಣಗಳಲ್ಲಿ ಎರಡೂವರೆ ಗಂಟೆ, ಯುರೋಪಿನಲ್ಲಿ ಮೂರು, ಅಮೆರಿಕದೊಳಗೆ ಬದಲಿಸುವುದಾದರೆ ನಾಲ್ಕು. ಜಾಸ್ತಿ ಆಯ್ತು ಅನ್ನುವವರು ಅನ್ನಲಿ.

ಯಾವ ನಿಲ್ದಾಣದಲ್ಲಿ ಏನು ಕಾದಿರುತ್ತದೆ

ದುಬೈಯಿಂದ ಶುರು ಮಾಡೋಣ, ನಮ್ಮವರು ಹೆಚ್ಚಾಗಿ ಹೋಗುವುದು ಅಲ್ಲಿಂದಲೇ. 2024ರಲ್ಲಿ ಆ ನಿಲ್ದಾಣದಲ್ಲಿ 9 ಕೋಟಿ 23 ಲಕ್ಷ ಪ್ರಯಾಣಿಕರು ಓಡಾಡಿದ್ದಾರೆ. ದಿನಕ್ಕೆ ಎರಡೂವರೆ ಲಕ್ಷ ಆಯಿತು. 2011ರ ಜನಗಣತಿಯಲ್ಲಿ ಕೊಡಗಿನ ಜನಸಂಖ್ಯೆ ಐದೂವರೆ ಲಕ್ಷ. ನಮ್ಮ ಇಡೀ ಜಿಲ್ಲೆಯ ಜನ ಹೆಚ್ಚುಕಡಿಮೆ ಎರಡು ದಿನದಲ್ಲಿ ಆ ಬಾಗಿಲು ದಾಟಿ ಹೋದ ಹಾಗೆ. ಎಮಿರೇಟ್ಸ್ ವಿಮಾನಗಳು ಟರ್ಮಿನಲ್ 3ರಲ್ಲಿ. ಅದರೊಳಗೇ ಒಂದು ಭಾಗದಿಂದ ಇನ್ನೊಂದಕ್ಕೆ ರೈಲು ಹತ್ತಬೇಕಾಗಬಹುದು. ಫ್ಲೈದುಬೈನ ಹಲವು ವಿಮಾನಗಳು ರನ್‌ವೇ ಆಚೆಯ ಟರ್ಮಿನಲ್ 2ರಿಂದ ಹೊರಡುತ್ತವೆ. ಎರಡೂ ಒಂದೇ ಟಿಕೆಟಿನಲ್ಲಿ ಬಂದಿದ್ದರೂ ನಡುವೆ ಬಸ್ ಪ್ರಯಾಣ ಇದೆ. ದೋಹಾದಲ್ಲಿ ಒಂದೇ ಟರ್ಮಿನಲ್, ಅಷ್ಟು ಸುಲಭ.

ಅಬುಧಾಬಿ ಮೂಲಕ ಅಮೆರಿಕಕ್ಕೆ ಹೋಗುವವರಿಗೆ ಒಂದು ಬೇರೆ ಲೆಕ್ಕ. ಅಮೆರಿಕದ ಇಮಿಗ್ರೇಷನ್ ತಪಾಸಣೆ ಅಬುಧಾಬಿಯಲ್ಲೇ ಮುಗಿಯುತ್ತದೆ. ಇಳಿದ ಮೇಲೆ ಆರಾಮ, ಆದರೆ ಹತ್ತುವ ಮೊದಲು ಆ ಸಾಲಿಗೆ ಹೊತ್ತು ಬೇಕು. ಬೇರೆ ದಾರಿಯಲ್ಲಿ ಹೋಗಿ ಅಮೆರಿಕದೊಳಗೆ ವಿಮಾನ ಬದಲಿಸುವವರು ಮೊದಲು ಇಳಿದ ಊರಿನಲ್ಲೇ ಇಮಿಗ್ರೇಷನ್ ಮುಗಿಸಿ, ಸಾಮಾನ್ಯವಾಗಿ ಚೀಲವನ್ನೂ ತೆಗೆದುಕೊಂಡು, ಕಸ್ಟಮ್ಸ್ ದಾಟಿ, ಮತ್ತೆ ಒಪ್ಪಿಸಬೇಕು. ಬೆಂಗಳೂರಿನಲ್ಲಿ ಕೊನೇ ಊರಿಗೆ ಟ್ಯಾಗ್ ಹಾಕಿದ್ದರೂ ಅಷ್ಟೇ. ‘ಚೀಲ ತಾನೇ ಬರುತ್ತೆ’ ಅಂತ ಬೆಲ್ಟಿನಲ್ಲೇ ಬಿಟ್ಟು ಬಂದವರ ಕಥೆ ಬೇಕಾದಷ್ಟಿದೆ.

ಯುರೋಪಿನಲ್ಲಿ ನೋಡಬೇಕಾದ್ದು ಷೆಂಗೆನ್ ಗಡಿ. ಷೆಂಗೆನ್ ಅಂದರೆ ತಮ್ಮ ನಡುವೆ ಪಾಸ್‌ಪೋರ್ಟ್ ತಪಾಸಣೆ ಇಲ್ಲದ ಯುರೋಪಿನ ದೇಶಗಳ ಗುಂಪು, ಒಳಗೆ ಬರುವಾಗ ಮೊದಲು ಇಳಿದ ಕಡೆಯೇ ತಪಾಸಣೆ. ಮಗ ಮಿಲಾನ್‌ನಲ್ಲಿದ್ದು ನೀವು ಫ್ರಾಂಕ್‌ಫರ್ಟಿನಲ್ಲಿ ಬದಲಿಸಿದರೆ, ಪಾಸ್‌ಪೋರ್ಟ್ ತಪಾಸಣೆ ಆಗುವುದು ಫ್ರಾಂಕ್‌ಫರ್ಟಿನಲ್ಲೇ. ನಿಮ್ಮ ಬಿಡುವಿನ ಸಮಯದೊಳಗೇ ಆ ಸಾಲು ಬರುತ್ತದೆ. 2025ರ ಅಕ್ಟೋಬರ್ 12ರಿಂದ ಅಲ್ಲಿ ಹೊರಗಿನ ದೇಶದವರ ಮುಖದ ಚಿತ್ರ, ಬೆರಳಚ್ಚು ದಾಖಲಿಸುವ ಹೊಸ ವ್ಯವಸ್ಥೆ ಹಂತ ಹಂತವಾಗಿ ಬಂದಿದೆ. ಸಾಲು ಇನ್ನಷ್ಟು ನಿಧಾನ. ಫ್ರಾಂಕ್‌ಫರ್ಟಿನಿಂದ ಕೆನಡಾಕ್ಕೋ ಅಮೆರಿಕಕ್ಕೋ ಹೋಗುವವರಿಗೆ ಈ ಸಾಲು ಇಲ್ಲ.

ಲಂಡನ್ ಹೀಥ್ರೂನಲ್ಲಿ ಟರ್ಮಿನಲ್ 2, 3, 4, 5 ಇವೆ. 1 ಮುಚ್ಚಿ ವರ್ಷಗಳಾದವು. ಒಂದರಿಂದ ಇನ್ನೊಂದಕ್ಕೆ ಬಸ್, ಆಮೇಲೆ ಮತ್ತೆ ಸೆಕ್ಯುರಿಟಿ. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಅಲ್ಲಿ ನಿಲ್ದಾಣದೊಳಗೇ ವಿಮಾನ ಬದಲಿಸಲೂ ಟ್ರಾನ್ಸಿಟ್ ವೀಸಾ ಬೇಕು. ಅಮೆರಿಕ, ಕೆನಡಾದಂಥ ಕೆಲವು ದೇಶಗಳ ವೀಸಾ ಇದ್ದವರಿಗೆ ವಿನಾಯಿತಿ ಇದೆ. ಈ ನಿಯಮಗಳು ಬದಲಾಗುತ್ತಿರುತ್ತವೆ, ಆದ್ದರಿಂದ ಟಿಕೆಟ್ ಮಾಡುವ ದಿನವೇ ಆ ದೇಶದ ಸರ್ಕಾರಿ ಜಾಲತಾಣದಲ್ಲಿ ನೋಡಿ. ಪಕ್ಕದ ಮನೆಯವರು ಹೋದ ವರ್ಷ ಹೋಗಿ ಬಂದರು ಅನ್ನುವುದು ಆಧಾರ ಅಲ್ಲ.

ಒಂದೇ ಊರಿನಲ್ಲಿ ಎರಡು ನಿಲ್ದಾಣ ಇರುವ ಕಡೆ ಇನ್ನೂ ಹುಷಾರು. ಲಂಡನ್ನಿನಲ್ಲಿ ಹೀಥ್ರೂ ಮತ್ತು ಗ್ಯಾಟ್ವಿಕ್, ಟೋಕಿಯೋದಲ್ಲಿ ನರಿಟಾ ಮತ್ತು ಹನೇಡಾ, ಇಸ್ತಾಂಬುಲ್‌ನಲ್ಲಿ ಹೊಸ ನಿಲ್ದಾಣ ಮತ್ತು ಸಬೀಹಾ ಗೊಕ್ಚೆನ್. ಇಳಿಯುವ ಮತ್ತು ಹತ್ತುವ ನಿಲ್ದಾಣದ ಮೂರಕ್ಷರದ ಕೋಡ್ ಒಂದೇನಾ ಅಂತ ಟಿಕೆಟಿನಲ್ಲಿ ಬೆರಳಿಟ್ಟು ನೋಡಿ.

ಟಿಕೆಟ್ ಆದ ಮೇಲೂ ಕೆಲಸ ಮುಗಿಯಲಿಲ್ಲ

ಆರು ತಿಂಗಳು ಮೊದಲೇ ಟಿಕೆಟ್ ಮಾಡಿದ್ದರೆ ವೇಳಾಪಟ್ಟಿ ಬದಲಾಗುವ ಸಾಧ್ಯತೆ ಇದೆ. ಯುರೋಪಿನಲ್ಲಿ ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೇ ಭಾನುವಾರ ಗಡಿಯಾರವನ್ನೇ ಒಂದು ಗಂಟೆ ಹಿಂದೆ ಮುಂದೆ ಮಾಡುತ್ತಾರೆ. ನಮ್ಮಲ್ಲಿ ಆ ಪದ್ಧತಿ ಇಲ್ಲ. ವಿಮಾನಗಳ ಪಟ್ಟಿಯೂ ಆಗಲೇ ಬದಲಾಗುತ್ತದೆ. ಎರಡು ಗಂಟೆ ಇದ್ದ ಬಿಡುವು ಒಂದಕ್ಕೆ ಇಳಿದಿರಬಹುದು. ಕಂಪನಿ ಒಂದು ಇಮೇಲ್ ಕಳಿಸಿರುತ್ತದೆ, ನಾವು ಜಾಹೀರಾತು ಅಂದುಕೊಂಡು ತೆರೆದಿರುವುದಿಲ್ಲ. ತಿಂಗಳಿಗೊಮ್ಮೆ ಬುಕಿಂಗ್ ತೆರೆದು ನೋಡಿ. ಬಿಡುವು ಕಡಿಮೆಯಾಗಿದ್ದರೆ ಕೂಡಲೇ ಫೋನ್ ಮಾಡಿ ಬೇರೆ ವಿಮಾನ ಕೇಳಿ. ಬದಲಾಯಿಸಿದ್ದು ಅವರೇ ಆದ್ದರಿಂದ ಹೆಚ್ಚಾಗಿ ದುಡ್ಡು ಕೇಳದೆ ಕೊಡುತ್ತಾರೆ.

ವಯಸ್ಸಾದವರಿಗೆ ವೀಲ್‌ಚೇರ್ ಮೊದಲೇ ಕೇಳಿಡಿ, 48 ಗಂಟೆ ಮುಂಚೆ. ಅದಕ್ಕೆ ದುಡ್ಡಿಲ್ಲ. ಇಂಗ್ಲಿಷ್ ಬಾರದ, ದಾರಿ ಗೊತ್ತಿಲ್ಲದ ಅಮ್ಮಂದಿರಿಗೆ ಇದು ದೊಡ್ಡ ಆಸರೆ. ಆದರೆ ಒಂದು ವಿಷಯ ಯಾರೂ ಹೇಳುವುದಿಲ್ಲ. ವೀಲ್‌ಚೇರಿನವರನ್ನು ಸಾಮಾನ್ಯವಾಗಿ ಎಲ್ಲರೂ ಇಳಿದ ಮೇಲೆ ಇಳಿಸುತ್ತಾರೆ, ಕುರ್ಚಿ ಬರುವವರೆಗೆ ಕಾಯಬೇಕು. ಹಾಗಾಗಿ ವೀಲ್‌ಚೇರ್ ತೆಗೆದುಕೊಳ್ಳುವವರಿಗೆ ಬಿಡುವು ಇನ್ನೂ ಜಾಸ್ತಿ ಬೇಕು, ಕಡಿಮೆಯಲ್ಲ.

ಸೀಟು ಮುಂದಿನ ಸಾಲಿನಲ್ಲಿ, ನಡುದಾರಿಯ ಪಕ್ಕ ಸಿಕ್ಕರೆ ಸ್ವಲ್ಪ ದುಡ್ಡು ಕೊಟ್ಟಾದರೂ ತೆಗೆದುಕೊಳ್ಳಿ. ಮೊಬೈಲಿಗೆ ಊರಿನಲ್ಲೇ ಅಂತರರಾಷ್ಟ್ರೀಯ ರೋಮಿಂಗ್ ಹಾಕಿಸಿ. ಕೆಲವು ನಿಲ್ದಾಣಗಳ ಉಚಿತ ವೈಫೈಗೆ ಒಟಿಪಿ ಬೇಕು, ರೋಮಿಂಗ್ ಇಲ್ಲದಿದ್ದರೆ ಆ ಒಟಿಪಿ ಬರುವುದೇ ಇಲ್ಲ.

ಚೀಲದ ಮಾತು

ನಮ್ಮ 20 ನಿಮಿಷದ ಸೆಕ್ಯುರಿಟಿ ಸಾಲಿನಲ್ಲಿ ಎಂಟು ನಿಮಿಷ ನುಂಗಿದ್ದು ಕಾಚಂಪುಳಿ, ನಮ್ಮ ಕೊಡಗಿನ ಅಡುಗೆಯ ಹುಳಿ. ನನ್ನಾಕೆ ಮಗಳಿಗೆ ಅಂತ ಅರ್ಧ ಲೀಟರ್ ಬಾಟಲಿಯನ್ನು ಚೆಕ್-ಇನ್ ಚೀಲದಲ್ಲಿ ಒಡೆದೀತು ಅಂತ ಕೈಚೀಲದಲ್ಲಿ ಇಟ್ಟಿದ್ದಳು. ಬೆಂಗಳೂರಿನಲ್ಲಿ ಅದು ಹೇಗೆ ದಾಟಿತೋ ಗೊತ್ತಿಲ್ಲ. ಅಲ್ಲಿ ಸಿಕ್ಕಿಬಿತ್ತು. ಕಪ್ಪಗೆ, ಗಟ್ಟಿಯಾಗಿ, ಹುಳಿ ವಾಸನೆಯ ಆ ದ್ರವ ಏನು ಅಂತ ಆ ಹುಡುಗಿಗೆ ವಿವರಿಸಲು ನನಗೆ ಇಂಗ್ಲಿಷೂ ಸಾಲಲಿಲ್ಲ, ಹೊತ್ತೂ ಸಾಲಲಿಲ್ಲ. ಕೊನೆಗೆ ಕಸದ ಡಬ್ಬಿಗೆ ಹೋಯಿತು. ಕೈಚೀಲದಲ್ಲಿ ದ್ರವ 100 ಮಿಲಿ ಮೀರಬಾರದು ಅನ್ನುವ ನಿಯಮ ಹೆಚ್ಚಿನ ಕಡೆ ಇದೆ. ಜೇನು, ಉಪ್ಪಿನಕಾಯಿ, ತುಪ್ಪ, ಮನೆಯ ವೈನ್ ಎಲ್ಲವೂ ದ್ರವದ ಲೆಕ್ಕವೇ. ಅಮೆರಿಕಕ್ಕೆ ಹೋಗುವವರು ಕಾಫಿ ಪುಡಿಯ ದೊಡ್ಡ ಪೊಟ್ಟಣವನ್ನೂ ಚೆಕ್-ಇನ್ ಚೀಲಕ್ಕೆ ಹಾಕಿ, 350 ಮಿಲಿ ಅಳತೆಗಿಂತ ಜಾಸ್ತಿ ಪುಡಿ ಕೈಚೀಲದಲ್ಲಿದ್ದರೆ ತೆಗೆದು ನೋಡುತ್ತಾರೆ. ಗಸಗಸೆ ಯುಎಇಯಲ್ಲಿ ನಿಷಿದ್ಧ. ದುಬೈ ದಾರಿ ಹಿಡಿಯುವವರು ಅದನ್ನು ಮರೆತುಬಿಡಿ.

ಕೊಡಗಿನವರಿಗೆ ಇನ್ನೊಂದು ಎಚ್ಚರ ಇದೆ. ತೋಟಕ್ಕೆ ಹೋಗುವ ಚೀಲ, ಹಳೇ ಜಾಕೆಟ್ಟು ಪ್ರಯಾಣಕ್ಕೆ ತರುವ ಮೊದಲು ಪ್ರತಿ ಜೇಬನ್ನೂ ಹೊರಗೆ ತಿರುವಿ ನೋಡಿ. ಕೈಲ್‌ಪೊಳ್ದು, ಪುತ್ತರಿಯಂಥ ನಮ್ಮ ಹಬ್ಬಕ್ಕೆ ಕೋವಿ ಹಿಡಿದಾಗ ಜೇಬಿಗೆ ಬಿದ್ದ ಒಂದು ಕಾಡತೂಸು ಮೂಲೆಯಲ್ಲಿ ಉಳಿದಿದ್ದರೆ ಅದು ವಿಮಾನ ತಪ್ಪುವ ಮಾತಲ್ಲ, ಪೊಲೀಸ್ ಕೇಸು. ಪರವಾನಗಿ ಇಲ್ಲದೆ ಕೋವಿ ಇಟ್ಟುಕೊಳ್ಳಲು ನಮಗಿರುವ ವಿನಾಯಿತಿ ದೇವನಹಳ್ಳಿಯ ಎಕ್ಸ್‌ರೇ ಯಂತ್ರದ ಮುಂದೆ ಕೆಲಸಕ್ಕೆ ಬರುವುದಿಲ್ಲ, ಹೊರದೇಶದಲ್ಲಿ ಕೇಳುವುದೇ ಬೇಡ. ಸೊಂಟಕ್ಕೆ ಸಿಕ್ಕಿಸುವ ಪೀಚೆಕತ್ತಿಯೂ ಕೈಚೀಲದಲ್ಲಿ ಬೇಡ.

ಕೈಚೀಲದಲ್ಲಿ ಇರಬೇಕಾದ್ದು ಎರಡು ದಿನದ ಮಾತ್ರೆ, ವೈದ್ಯರ ಚೀಟಿ, ಒಂದು ಜೊತೆ ಬಟ್ಟೆ, ಚಾರ್ಜರ್, ತಲುಪುವ ವಿಳಾಸ ಬರೆದ ಕಾಗದ.

ಬೆಂಗಳೂರಿನ ಕೌಂಟರಿನಲ್ಲಿ ಎರಡೂ ಬೋರ್ಡಿಂಗ್ ಪಾಸ್ ಕೇಳಿ ತೆಗೆದುಕೊಳ್ಳಿ. ಚೀಲಕ್ಕೆ ಅಂಟಿಸಿದ ಟ್ಯಾಗ್ ಓದಿ. ಡಬ್ಲಿನ್‌ನ ಕೋಡ್ ಡಿ-ಯು-ಬಿ. ದುಬೈದು ಡಿ-ಎಕ್ಸ್-ಬಿ. ದುಬೈ ಮೂಲಕ ಡಬ್ಲಿನ್‌ಗೆ ಹೋಗುವವರು ಇದನ್ನು ಎರಡು ಸಲ ಓದಬೇಕು, ಅಲ್ವಾ?

ತಪ್ಪೇ ಹೋದರೆ

ಮೊದಲ ವಿಮಾನ ತಡ ಅಂತ ಗೊತ್ತಾದ ಕೂಡಲೇ ಒಳಗಿನ ಸಿಬ್ಬಂದಿಗೆ ಹೇಳಿ. ಬಿಗಿ ಬಿಡುವಿನವರನ್ನು ಕೆಲವೊಮ್ಮೆ ಮೊದಲು ಇಳಿಸುತ್ತಾರೆ. ಇಳಿದ ಮೇಲೆ ‘ಟ್ರಾನ್ಸ್‌ಫರ್’ ಬೋರ್ಡ್ ಹಿಡಿದು ನಡೆಯಿರಿ, ‘ಎಕ್ಸಿಟ್’ ಅಲ್ಲ.

ಗೇಟು ಮುಚ್ಚಿದ್ದರೆ ಅಲ್ಲಿ ವಾದ ಬೇಡ, ಪ್ರಯೋಜನ ಇಲ್ಲ. ನೇರ ಕಂಪನಿಯ ಟ್ರಾನ್ಸ್‌ಫರ್ ಡೆಸ್ಕಿಗೆ ಹೋಗಿ ಸಾಲು ಹಿಡಿಯಿರಿ. ಸಾಲಿನಲ್ಲಿ ನಿಂತೇ ಆ್ಯಪ್ ತೆರೆದು ನೋಡಿ, ಎಷ್ಟೋ ಸಲ ಹೊಸ ಟಿಕೆಟ್ ಅಷ್ಟು ಹೊತ್ತಿಗೆ ಬಂದಿರುತ್ತದೆ. ನೀವು ಬರೆದಿಟ್ಟುಕೊಂಡ ‘ಮುಂದಿನ ವಿಮಾನ’ದ ಪಟ್ಟಿ ಈಗ ತೆಗೆಯಿರಿ. ‘ಇಂದು ಸಂಜೆ ಇಷ್ಟು ಹೊತ್ತಿಗೆ ಇನ್ನೊಂದು ಇದೆಯಲ್ಲ, ಅದರಲ್ಲಿ ಕೊಡಿ’ ಅಂತ ಕೇಳುವವರಿಗೂ ‘ಏನಾದರೂ ಮಾಡಿ’ ಅಂತ ಕೇಳುವವರಿಗೂ ಸಿಗುವ ಉತ್ತರ ಬೇರೆ. ಊಟದ ಕೂಪನ್ ಕೇಳಿ. ಹೊರಗೆ ಹೋಗಲು ವೀಸಾ ಇಲ್ಲದಿದ್ದರೆ ನಿಲ್ದಾಣದೊಳಗೇ ಮಲಗುವ ಹೋಟೆಲ್ ಇದೆಯಾ ಅಂತ ಕೇಳಿ. ಕೆಲವು ದೊಡ್ಡ ನಿಲ್ದಾಣಗಳಲ್ಲಿ ಇದೆ. ನಾವು ಕೇಳಲೇ ಇಲ್ಲ. ವಿಮಾನ ಯಾಕೆ ತಡವಾಯಿತು ಅನ್ನುವುದನ್ನು ಬರಹದಲ್ಲಿ ಕೇಳಿ, ಬೋರ್ಡಿಂಗ್ ಪಾಸ್‌ಗಳನ್ನು ಎಸೆಯಬೇಡಿ.

ಯಾಕೆಂದರೆ ಯುರೋಪ್ ಒಕ್ಕೂಟದಿಂದ ಹೊರಡುವ ಎಲ್ಲ ವಿಮಾನಗಳಿಗೂ, ಒಕ್ಕೂಟದ ಕಂಪನಿಯ ವಿಮಾನದಲ್ಲಿ ಅಲ್ಲಿಗೆ ಹೋಗುವವರಿಗೂ ಒಂದು ನಿಯಮ ಇದೆ. ಒಂದೇ ಬುಕಿಂಗಿನಲ್ಲಿ ಕೊನೇ ಊರಿಗೆ ಮೂರು ಗಂಟೆಗಿಂತ ತಡವಾಗಿ ತಲುಪಿದರೆ, ಕಾರಣ ಕಂಪನಿಯ ಕೈಯಲ್ಲಿದ್ದದ್ದಾದರೆ, ದೂರದ ಪ್ರಯಾಣಕ್ಕೆ ತಲಾ 600 ಯೂರೋವರೆಗೆ ಪರಿಹಾರ ಕೇಳಬಹುದು. ಕೆಟ್ಟ ಹವಾಮಾನದಂಥ ಕಾರಣಕ್ಕೆ ಇಲ್ಲ. ಕಂಪನಿ ತಾನಾಗಿ ಹೇಳುವುದು ಅಪರೂಪ, ನಾವೇ ಅರ್ಜಿ ಹಾಕಬೇಕು. ನನಗೆ ಇದು ಗೊತ್ತಾದದ್ದು ಬೋರ್ಡಿಂಗ್ ಪಾಸ್ ಒಲೆಗೆ ಹಾಕಿ ಎಷ್ಟೋ ಕಾಲದ ಮೇಲೆ.

ಚೀಲ ಬರದಿದ್ದರೆ ನಿಲ್ದಾಣ ಬಿಡುವ ಮೊದಲೇ ಬ್ಯಾಗೇಜ್ ಕೌಂಟರಿನಲ್ಲಿ ದೂರು ಬರೆಸಿ, ಅದರ ನಂಬರ್ ತೆಗೆದುಕೊಳ್ಳಿ. ಆಮೇಲೆ ಲಿಖಿತ ದೂರಿಗೆ ಗಡುವು ಇದೆ: ಚೀಲ ಹಾಳಾಗಿದ್ದರೆ ಕೈಸೇರಿದ 7 ದಿನ, ತಡವಾಗಿ ಬಂದಿದ್ದರೆ 21 ದಿನ. ಪ್ರಯಾಣ ವಿಮೆ ಮಾಡಿಸಿದ್ದರೆ ‘ಕನೆಕ್ಷನ್ ತಪ್ಪಿದರೆ’ ಅನ್ನುವ ಕಲಂ ಇದೆಯಾ, ಎಷ್ಟು ಗಂಟೆ ತಡವಾದರೆ ದುಡ್ಡು ಅಂತ ಓದಿ. ಬೇರೆ ಬೇರೆ ಟಿಕೆಟ್ ಜೋಡಿಸಿದವರಿಗೆ ಅದು ಅನ್ವಯಿಸುತ್ತದಾ ಅನ್ನುವುದನ್ನೂ.

ಊರಿನಿಂದ ಹೊರಡುವ ದಾರಿಗೂ ಇದೇ ಲೆಕ್ಕ. ಮಳೆಗಾಲದಲ್ಲಿ ಮಾಕುಟ್ಟ, ಸಂಪಾಜೆ ರಸ್ತೆಗಳನ್ನು ನಂಬಿ ಅದೇ ದಿನ ಹೊರಡಬೇಡಿ. 2018ರ ಆಗಸ್ಟಿನ ಮಳೆ, ಭೂಕುಸಿತ ನೋಡಿದವರಿಗೆ ಇದನ್ನು ಹೇಳಬೇಕಾಗಿಲ್ಲ. ವಾಪಸ್ ಬರುವಾಗ ಬೆಂಗಳೂರಿನಿಂದ ಗೋಣಿಕೊಪ್ಪಕ್ಕೆ ಬಸ್ ಸೀಟನ್ನು ಮೊದಲೇ ಕಾದಿರಿಸಬೇಡಿ. ವಿಮಾನ ನಿಂತು, ಚೀಲ ಕೈಗೆ ಬಂದ ಮೇಲೆ ಮೊಬೈಲಿನಲ್ಲಿ ಮಾಡಿ. ಅದೂ ಬೇರೆ ಟಿಕೆಟ್ಟೇ.